ಫ್ಯಾನಿಯ ಬಾಯಿ ಕಟ್ಟಿದ ಸಿನಿಮಾ

ಶಿವಮೊಗ್ಗದ ಓದುಗರೊಬ್ಬರ ಪತ್ರ: “ಅಮೆರಿಕದ ನಿರ್ದೇಶಕ ರಸ್ ಮೆಯರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಅವನ 1964ರ ‘ಫ್ಯಾನಿ ಹಿಲ್’ ಹುಡುಕಿ ನೋಡಿದೆ. ಇಷ್ಟೇನಾ ಅನ್ನಿಸಿತು. ದಿಟ್ಟತನ ಇಲ್ಲ, ನಗು ಬರಲಿಲ್ಲ, 18ನೇ ಶತಮಾನದ ಲಂಡನ್ನೂ ಕಾಣಲಿಲ್ಲ. ಇಂಥ ಹಸಿಬಿಸಿ ಚಿತ್ರಗಳಿಗೆ ಪುಟ ಯಾಕೆ ಖರ್ಚು ಮಾಡುತ್ತೀರಿ?”

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಬಂದ ಮೇಲೆ ಆ ಚಿತ್ರವನ್ನು ಮತ್ತೊಮ್ಮೆ ಪೂರ್ತಿ ನೋಡಿದೆ. ನಿಮ್ಮ ಬೇಸರ ನ್ಯಾಯವಾದದ್ದೇ. ನಮ್ಮ ಲೇಖನದಲ್ಲಿ ಅದರ ಹೆಸರು ಮೆಯರ್‌ನ ಉಳಿದ ಚಿತ್ರಗಳ ಜೊತೆ ಒಂದೇ ಉಸಿರಿನಲ್ಲಿ ಬಂದಿತ್ತು. ಇದು ಆ ಸಾಲಿಗೆ ಸೇರುವಂಥದ್ದಲ್ಲ ಎಂದು ನಾವು ಹೇಳಬೇಕಿತ್ತು. ಹೇಳಲಿಲ್ಲ, ತಪ್ಪು ನಮ್ಮದು.

ಆದರೆ ಚಿತ್ರ ಸೋತದ್ದು ಬಟ್ಟೆ ಕಡಿಮೆ ಬಿಚ್ಚಿದ್ದರಿಂದ ಅಲ್ಲ. ಮೂಲ ಕಾದಂಬರಿಯ ಜೀವವನ್ನೇ ತೆಗೆದು ಬದಿಗಿಟ್ಟಿದ್ದರಿಂದ. ಅದನ್ನು ಬರೆದ ಜಾನ್ ಕ್ಲೆಲೆಂಡ್ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಮುಂಬಯಿಯಲ್ಲಿ ವರ್ಷಗಟ್ಟಲೆ ಇದ್ದವನು. ಊರಿಗೆ ಮರಳಿ, ಸಾಲ ತೀರಿಸಲಾಗದೆ ಲಂಡನ್ನಿನ ಫ್ಲೀಟ್ ಜೈಲು ಸೇರಿದ. ಕಾದಂಬರಿ ಹೊರಬಂದದ್ದು ಆ ಜೈಲುವಾಸದ ದಿನಗಳಲ್ಲೇ, 1748-49ರಲ್ಲಿ, ಎರಡು ಸಂಪುಟಗಳಾಗಿ. ಇಡೀ ಪುಸ್ತಕವೇ ಕಥಾನಾಯಕಿ ಫ್ಯಾನಿ ಒಬ್ಬ ಮಹಿಳೆಗೆ ಬರೆದ ಎರಡು ದೊಡ್ಡ ಪತ್ರ. ಸತ್ಯವನ್ನು ಬೆತ್ತಲೆಯಾಗಿಯೇ ಹೇಳುತ್ತೇನೆ, ತೆಳುಪರದೆಯನ್ನೂ ಹೊದಿಸುವುದಿಲ್ಲ ಎಂದು ಆಕೆ ಶುರುವಿನಲ್ಲೇ ಮಾತು ಕೊಡುತ್ತಾಳೆ. ಹಾಗೆ ಹೇಳಿಯೂ ಒಂದು ಹೊಲಸು ಮಾತು ಬಳಸುವುದಿಲ್ಲ. ತನ್ನ ಬದುಕಿನಲ್ಲಿ ಏನಾಯಿತು ಎಂಬುದು ಆಕೆಗೆ ಚೆನ್ನಾಗಿ ಗೊತ್ತು, ಅದನ್ನು ಹೇಳುವ ಹಕ್ಕೂ ಆಕೆಯದೇ. 1821ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ನಿಷೇಧಕ್ಕೆ ಒಳಗಾದ ಈ ಪುಸ್ತಕ ಅಶ್ಲೀಲವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1966ರಲ್ಲಿ.

ಸಿನಿಮಾದಲ್ಲಿ ಆ ಹೆಂಗಸು ಎಲ್ಲಿದ್ದಾಳೆ? ಲೆಟೀಷಿಯಾ ರೋಮನ್ ಮಾಡಿದ ಫ್ಯಾನಿಗೆ ತಾನು ಬಂದು ಸೇರಿದ ಮನೆ ವೇಶ್ಯಾಗೃಹ ಎಂಬುದೇ ಹೊಳೆಯುವುದಿಲ್ಲ. ಗಿರಾಕಿ ಬರುತ್ತಾನೆ, ಆಕೆ ಕಣ್ಣರಳಿಸುತ್ತಾಳೆ. ಇನ್ನೊಬ್ಬ ಬರುತ್ತಾನೆ, ಮತ್ತೆ ಕಣ್ಣರಳಿಸುತ್ತಾಳೆ. ಮೊದಲ ಸಲ ತುಟಿಯಂಚಿನಲ್ಲಿ ನಗು ಬರಬಹುದು. ಆಮೇಲೆ ಆಕೆಯ ಬಗ್ಗೆ ಮರುಕ ಹುಟ್ಟುತ್ತದೆ. ಪುಸ್ತಕದಲ್ಲಿ ಕಥೆ ಹೇಳುತ್ತಿದ್ದವಳನ್ನು ಇಲ್ಲಿ ನಗೆಪಾಟಲಿಗೆ ಈಡು ಮಾಡಿದ್ದಾರೆ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಮಿರಿಯಂ ಹಾಪ್ಕಿನ್ಸ್ ಒಬ್ಬಳನ್ನು ಮಾತ್ರ ಈ ದೂರಿನಿಂದ ಹೊರಗಿಡುತ್ತೇನೆ. 1935ರ ‘ಬೆಕಿ ಶಾರ್ಪ್’ಗೆ ಆಸ್ಕರ್ ನಾಮನಿರ್ದೇಶನ ಪಡೆದಿದ್ದ ನಟಿ. ಇಲ್ಲಿ ಮನೆಯ ಯಜಮಾನಿ ಮಿಸೆಸ್ ಬ್ರೌನ್. ಹುಬ್ಬು, ತುಟಿ, ಬೆರಳು ಎಲ್ಲವೂ ಬೇರೆಬೇರೆಯಾಗಿ ನಟಿಸುತ್ತವೆ. ಅತಿಯೆನ್ನಿ, ಒಪ್ಪುತ್ತೇನೆ. ಆದರೂ ಚೌಕಟ್ಟಿನಲ್ಲಿ ಆಕೆ ಇರುವಷ್ಟು ಹೊತ್ತು ಅಲ್ಲಿ ಒಬ್ಬ ಮನುಷ್ಯಳಿದ್ದಾಳೆ ಅನ್ನಿಸುತ್ತದೆ.

ಇನ್ನು ಲಂಡನ್. ಚಿತ್ರೀಕರಣ ನಡೆದದ್ದು ಬರ್ಲಿನ್ನಿನಲ್ಲಿ. ವಿಗ್ಗು, ಲೇಸು, ಮೇಣದಬತ್ತಿ ಏನೇ ಇದ್ದರೂ ಆ ಗೋಡೆಗಳಾಚೆ ಒಂದು ಊರಿದೆ ಅನ್ನಿಸುವುದಿಲ್ಲ. ಮೆಯರ್ ಎರಡನೇ ಮಹಾಯುದ್ಧದಲ್ಲಿ ರಣರಂಗದ ಕ್ಯಾಮೆರಾಮನ್ ಆಗಿದ್ದವನು. ಕ್ಯಾಮೆರಾ, ಎಡಿಟಿಂಗ್ ಎರಡೂ ತನ್ನ ಕೈಯಲ್ಲಿದ್ದರೇ ಅವನಿಗೆ ಕಳೆ. ಇಲ್ಲಿ ಕ್ಯಾಮೆರಾ ಹಿಡಿದವರು ಜರ್ಮನ್ ಛಾಯಾಗ್ರಾಹಕರು, ತಲೆಯ ಮೇಲೆ ನಿರ್ಮಾಪಕ ಆಲ್ಬರ್ಟ್ ಝುಗ್‌ಸ್ಮಿತ್. ಅದೇ 1964ರಲ್ಲಿ ಮೆಯರ್ ತನ್ನದೇ ಸಂಸ್ಥೆಯಿಂದ ತೆಗೆದ ‘ಲಾರ್ನಾ’ದ ಮೊದಲ ದೃಶ್ಯ ನೋಡಿ: ಕ್ಯಾಮೆರಾ ಖಾಲಿ ರಸ್ತೆಯಲ್ಲಿ ಮುಂದೆ ಮುಂದೆ ಸಾಗುತ್ತದೆ, ನಡುರಸ್ತೆಯಲ್ಲಿ ಒಬ್ಬ ಪಾದ್ರಿ ನಿಂತು ನಮ್ಮನ್ನೇ ತಡೆದು ಮಾತಾಡಿಸುತ್ತಾನೆ. ಆ ಚಿತ್ರದಲ್ಲಿ ಒಪ್ಪಲಾಗದ್ದು ಬಹಳ ಇದೆ. ಆದರೆ ಆ ಒಂದು ರಸ್ತೆಯಲ್ಲಿರುವ ಗಾಳಿ ಬೆಳಕು ಬರ್ಲಿನ್ನಿನ ಅಷ್ಟೂ ಸೆಟ್ಟುಗಳಲ್ಲಿ ಇಲ್ಲ.

ಪುಟ ಯಾಕೆ ಎಂದು ಕೇಳಿದ್ದೀರಿ. ತೆರೆಯ ಮೇಲೆ ಏನು ತೋರಿಸಬಹುದು ಎಂಬ ಜಗಳ ಆ ದಶಕದಲ್ಲಿ ನಡೆದದ್ದು ದೊಡ್ಡ ಸ್ಟುಡಿಯೋಗಳ ಚಿತ್ರಗಳಿಂದ ಮಾತ್ರವಲ್ಲ, ಇಂಥವುಗಳಿಂದಲೂ. ಅದನ್ನು ಬಿಟ್ಟು ಸಿನಿಮಾದ ಚರಿತ್ರೆ ಬರೆಯಲು ನನಗೆ ಮನಸ್ಸಿಲ್ಲ. ಹಾಗಂತ ಓದುಗರ ಒಂದು ಸಂಜೆಯನ್ನು ಹಾಳು ಮಾಡುವ ಹಕ್ಕು ನಮಗಿಲ್ಲ. ಮುಂದಿನ ಸಂಚಿಕೆಯಿಂದ ಇಂಥ ಲೇಖನಗಳ ಕೆಳಗೆ, ಯಾವುದನ್ನು ನೋಡದೆ ಬಿಟ್ಟರೂ ನಷ್ಟವಿಲ್ಲ ಎಂಬುದನ್ನೂ ಹೆಸರು ಹಿಡಿದೇ ಬರೆಯುತ್ತೇವೆ. ಮೊದಲ ಹೆಸರು ಇದರದ್ದೇ.