ಮಳೆಗಾಲ ಅರಿಯದ ಟಾರ್ಗೆಟ್

(ಗುರುತು ಸಿಗದಂತೆ ವಯಸ್ಸು, ಕುಟುಂಬದ ವಿವರ, ಮೊತ್ತಗಳನ್ನು ಬದಲಿಸಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಜುಲೈ ತಿಂಗಳ ಒಂದು ಸಂಜೆ, ಕೊಡೆಯನ್ನು ಬಾಗಿಲ ಬಳಿ ಒರಗಿಸಿದವರು ಕುಳಿತುಕೊಳ್ಳುವ ಮೊದಲೇ ಕೇಳಿದರು: "ಮೇಡಂ, ನನ್ನ ಕೈಯಿಂದಲೇ ದುಡ್ಡು ಕಟ್ಟಿದರೆ ಅದೂ ಕಳ್ಳತನವೇ?"

ವಯಸ್ಸು ನಲವತ್ತರ ಆಸುಪಾಸು. ಉಡುಪಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಹದಿಮೂರು ವರ್ಷಗಳಿಂದ ಪಿಗ್ಮಿ, ಅಂದರೆ ದಿನದ ಉಳಿತಾಯದ ಹಣ, ಸಂಗ್ರಾಹಕ. ಮಲ್ಪೆ ಬಂದರು, ಮೀನು ಮಾರುಕಟ್ಟೆ, ಸುತ್ತಲಿನ ಗೂಡಂಗಡಿಗಳು ಅವರ ದಿನದ ದಾರಿ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಮತ್ತೆ ನಿದ್ದೆಯಿಲ್ಲ. ವೈದ್ಯರು ಇಸಿಜಿ ತೆಗೆಸಿ, ಹೃದಯಕ್ಕೆ ಏನೂ ಆಗಿಲ್ಲವೆಂದು ಹೇಳಿ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಕಳುಹಿಸಿದ್ದರು. ಹೆಂಡತಿಯ ಸರ ಅಡವಿನಲ್ಲಿದೆ ಎಂದಾಗ ನನ್ನ ತಲೆಗೆ ಮೊದಲು ಬಂದದ್ದು ಮೊಬೈಲಿನ ಜೂಜು. ಊಹೆ ತಪ್ಪಿತ್ತು, ಆ ಗುಂಗಿನಲ್ಲಿ ಹತ್ತು ನಿಮಿಷ ಕೆಲಸಕ್ಕೆ ಬಾರದ ಪ್ರಶ್ನೆಗಳನ್ನು ಕೇಳಿದೆ.

ಪಿಗ್ಮಿಗೂ ಕಮಿಷನ್ನಿಗೂ ಹಳೆಯ ನಂಟು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಈ ಯೋಜನೆಯನ್ನು ಆರಂಭಿಸಿದಾಗ, ದಿನಕ್ಕೆ ಎರಡಾಣೆ ಉಳಿಸುವವರ ಬಾಗಿಲಿಗೆ ಹೋಗಿ ಹಣ ತರುತ್ತಿದ್ದವರು ಏಜೆಂಟರು. ಇವರೂ ಕಮಿಷನ್ನಿನಲ್ಲೇ ಸಂಸಾರ ತೂಗಿಸಿದವರು, ಆ ಬಗ್ಗೆ ದೂರಿಲ್ಲ. ಕಳೆದ ವರ್ಷ ಸಂಘ ಅದರ ಮೇಲೊಂದು ಹೊಸ ಪ್ರೋತ್ಸಾಹಧನ ತಂದಿತು: ಹತ್ತರಲ್ಲಿ ಒಂಬತ್ತು ಖಾತೆಗಳಿಗೆ ತಿಂಗಳಿಡೀ ಒಂದು ದಿನವೂ ತಪ್ಪದೆ ಹಣ ಬಿದ್ದರೆ ಐದು ಸಾವಿರ ರೂಪಾಯಿ, ಜೊತೆಗೆ ಶಾಖೆಯ ಗೋಡೆಯಲ್ಲಿ 'ತಿಂಗಳ ತಾರೆ' ಎಂದು ಭಾವಚಿತ್ರ. ಡಿಸೆಂಬರಿನಿಂದ ಮೇ ತನಕ ಗೋಡೆಯಲ್ಲಿ ಇವರದೇ ಚಿತ್ರ. ಮಗಳು ಅದರ ಫೋಟೊ ತೆಗೆದು ನೆಂಟರಿಗೆಲ್ಲ ಕಳುಹಿಸಿದ್ದಳು.

ಆಮೇಲೆ ಜೂನ್ ಬಂತು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಸೇರಿದರೆ ಮಲ್ಪೆಯಲ್ಲಿ ಮಂಜುಗಡ್ಡೆಯವರಿಂದ ಚಹಾದಂಗಡಿಯವರೆಗೆ ಎಲ್ಲರ ಕೈಯೂ ಬಿಗಿ. ಇದು ಊರಿನ ಮಕ್ಕಳಿಗೂ ಗೊತ್ತು. ಸಂಘದ ಸುತ್ತೋಲೆಗೆ ಮಾತ್ರ ಗೊತ್ತಿರಲಿಲ್ಲ.

ಮೊದಲ ವಾರ ಇಬ್ಬರ ಖಾತೆಗೆ ತಮ್ಮ ಜೇಬಿನಿಂದ ನೂರು ನೂರು ಹಾಕಿದರು. ನಾಳೆ ಕೊಟ್ಟಾರು ಎಂಬ ಲೆಕ್ಕ. ಜುಲೈ ನಡುವಿಗೆ ಅಂಥ ಖಾತೆಗಳು ಹತ್ತೊಂಬತ್ತಾದವು, ಹಾಕಿದ ಹಣ ನಲವತ್ತು ಸಾವಿರ ದಾಟಿತು. "ಐದು ಸಾವಿರಕ್ಕಾಗಿ ನಲವತ್ತು ಸಾವಿರ ಸುರಿದೆ. ಲೆಕ್ಕದಲ್ಲಿ ನಾನು ಗಟ್ಟಿ ಎಂದು ಹೆಸರು ಬೇರೆ," ಎಂದು ನಗಲು ನೋಡಿದರು.

ಅವರನ್ನು ನನ್ನ ಬಾಗಿಲಿಗೆ ತಂದದ್ದು ಹಣವಲ್ಲ, ಮೀನು ಮಾರುವ ಒಬ್ಬ ಹಿರಿಯ ಹೆಂಗಸಿನ ಮಾತು. ಆಟಿ (ತುಳುವರ ಮಳೆಗಾಲದ ತಿಂಗಳು) ಕಳೆಯಲಿ, ಆಮೇಲೆ ಬಾ ಎಂದಿದ್ದವರು ಅವರು. ಆದರೂ ಮೊಬೈಲಿಗೆ ದಿನವೂ ಹಣ ಜಮೆಯಾದ ಸಂದೇಶ ಬರುತ್ತಿತ್ತು, ಮೊಮ್ಮಗ ಓದಿ ಹೇಳಿದ. ಮರುದಿನ ಇವರನ್ನು ತಡೆದು ನಿಲ್ಲಿಸಿ ಕೇಳಿದರಂತೆ: "ತಮ್ಮಾ, ನಾನು ಕೊಡದ ದುಡ್ಡು ನನ್ನ ಹೆಸರಿನಲ್ಲಿ ಹೇಗೆ ಬೆಳೆಯುತ್ತಿದೆ? ನಿನ್ನ ಹತ್ತಿರ ನಾನು ಭಿಕ್ಷೆ ಕೇಳಿದೆನೇ?"

ಇಷ್ಟು ಹೇಳಿ ಅತ್ತರು. ನಾನು ನೀರು ಕೊಟ್ಟು ಸುಮ್ಮನಿದ್ದೆ. ಬದುಕು ಸಾಕೆನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೇನೂ ಇಲ್ಲ ಎಂದರು. ಆದರೂ ರಾತ್ರಿಹೊತ್ತು ಬೇಕಾದೀತು ಎಂದು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಉಳಿಸಿ ಕಳುಹಿಸಿದೆ.

ಎರಡನೇ ಭೇಟಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮೊದಲು ಈ ಕೆಲಸದಲ್ಲಿ ನಿಮಗೆ ಏನು ಹಿಡಿಸುತ್ತಿತ್ತು? ಉತ್ತರ ಇಪ್ಪತ್ತು ನಿಮಿಷ ನಡೆಯಿತು. ಯಾರು ಬಲೆಗೆಂದು ಉಳಿಸುತ್ತಾರೆ, ಯಾರು ಮಗಳ ಮದುವೆಗೆ, ಗಂಡನ ಕಣ್ಣು ತಪ್ಪಿಸಿ ಯಾರು. ಕೊನೆಗೆ ಹೇಳಿದರು: "ಈಗ ಬಾಗಿಲಲ್ಲಿ ನಿಂತರೆ ಜನ ಕಾಣುವುದಿಲ್ಲ ಮೇಡಂ. ಖಾಲಿ ಬಿದ್ದ ದಿನ ಕಾಣುತ್ತದೆ."

ಆಗ ಅವರಿಗೆ ಅಮೆರಿಕದ ಒಂದು ಶಿಶುವಿಹಾರದ ಕಥೆ ಹೇಳಿದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಅದು. ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಕಳೆದು, ಯಾರೂ ಹೇಳದಿದ್ದಾಗ ಮಕ್ಕಳು ಏನು ಮಾಡುತ್ತಾರೆಂದು ನೋಡಿದರು. ಆಸೆ ತೋರಿಸಿ ಬಿಡಿಸಿಕೊಂಡ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬಣ್ಣ ಹಿಡಿದರು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ. "ಹಾಗಾದರೆ ನಾನು ಮೊದಲ ಗುಂಪು," ಎಂದರು ಅವರು.

ಪ್ರೋತ್ಸಾಹಧನವೆಲ್ಲ ವಿಷ ಎಂದು ನಾನು ನಂಬುವುದಿಲ್ಲ. ಕಾರಿನ ಗಾಜು ಕೂರಿಸುವ ಅಮೆರಿಕದ ಕಂಪನಿಯೊಂದು ಗಂಟೆಯ ಕೂಲಿ ಬಿಟ್ಟು, ಕೂರಿಸಿದ ಗಾಜಿಗಿಷ್ಟು ಎಂದು ಕೊಡತೊಡಗಿದಾಗ ತಲಾ ಕೆಲಸ ಶೇ. 44ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ 2000ದಲ್ಲಿ ತೋರಿಸಿದ್ದಾರೆ. ಅದರಲ್ಲಿ ಅರ್ಧದಷ್ಟೇ ಪ್ರೋತ್ಸಾಹದ ಫಲ. ಉಳಿದದ್ದು ಚುರುಕಿನವರು ಕೆಲಸಕ್ಕೆ ಸೇರಿ ಉಳಿದದ್ದರಿಂದ. ಅಲ್ಲಿ ಎಣಿಸುವ ಗಾಜು ಕೆಲಸಗಾರನ ಕೈಯಲ್ಲೇ ಇದೆ, ಕೆಟ್ಟದಾಗಿ ಕೂರಿಸಿದರೆ ಯಾರದೆಂದೂ ತಿಳಿಯುತ್ತದೆ. ನಮ್ಮ ಗೇರುಬೀಜದ ಕಾರ್ಖಾನೆಯಲ್ಲೂ ಇಡಿ ಬೀಜ ಯಾವುದು, ತುಂಡು ಯಾವುದು ಎಂದು ಕಣ್ಣಿಗೇ ಕಾಣುತ್ತದೆ. ಪಿಗ್ಮಿಯವರ ಅಂಕಿಯಲ್ಲಿ ಅರ್ಧ ಕಡಲಿನದು. ಅದನ್ನು ಒಬ್ಬ ಮನುಷ್ಯನ ಹೆಗಲಿಗೆ ಹಾಕಿದರೆ ಅವನು ಅಂಕಿಯನ್ನಷ್ಟೇ ರಿಪೇರಿ ಮಾಡಿಯಾನು.

ಕಳ್ಳತನದ ಪ್ರಶ್ನೆಗೆ ನಾನು ಹೇಳಿದ್ದು: ನೀವು ಯಾರದ್ದನ್ನೂ ಕದ್ದಿಲ್ಲ, ಆದರೆ ಸುಳ್ಳು ಲೆಕ್ಕ ಬರೆದಿದ್ದೀರಿ. ಎರಡನ್ನೂ ಒಪ್ಪಿಕೊಳ್ಳಬೇಕು. ಇಂದಿನಿಂದಲೇ ಜೇಬಿನಿಂದ ಹಾಕುವುದು ನಿಲ್ಲಲಿ. ಹತ್ತೊಂಬತ್ತು ಖಾತೆಗಳ ಪಟ್ಟಿಯನ್ನು ದಿನಾಂಕ, ಮೊತ್ತ ಸಮೇತ ಕೈಯಾರೆ ಬರೆಯಿರಿ. ಲೆಕ್ಕಪರಿಶೋಧಕರ ಕಣ್ಣಿಗೆ ಬೀಳುವ ಮೊದಲು ನೀವೇ ವ್ಯವಸ್ಥಾಪಕರಿಗೆ ಕೊಡಿ. ಕೆಲಸ ಉಳಿಯುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ ಎಂದೂ ಹೇಳಿದೆ. ಸರದ ವಿಷಯ ಹೆಂಡತಿಗೆ ಅಂದೇ ರಾತ್ರಿ ತಿಳಿಯಬೇಕು. ಮೂರಕ್ಕೆ ಎಚ್ಚರವಾದರೆ ಮಲಗಿಕೊಂಡೇ ಕೂಡಿ ಕಳೆಯಬೇಡಿ, ಎದ್ದು ಕುಳಿತು ಚೀಟಿಯಲ್ಲಿ ಬರೆದಿಟ್ಟು ನಿದ್ದೆ ತೂಗಿದಾಗ ಮಲಗಿ. ದಾರಿಯಲ್ಲಿ ದಿನಕ್ಕೊಂದು ಮನೆಯಲ್ಲಾದರೂ ಹಣ ಜಮೆ ಮಾಡುವ ಯಂತ್ರವನ್ನು ಚೀಲದಿಂದ ತೆಗೆಯದೆ ಮಾತನಾಡಿ ಬನ್ನಿ. ಈ ಕೊನೆಯ ಸಲಹೆ ಅವರಿಗೆ ವಿಚಿತ್ರವೆನಿಸಿತು, ಆದರೆ ಮೊದಲು ಪಾಲಿಸಿದ್ದು ಅದನ್ನೇ.

ಅವರ ಲಿಖಿತ ಒಪ್ಪಿಗೆ ಪಡೆದು ವ್ಯವಸ್ಥಾಪಕರೊಂದಿಗೂ ಮಾತನಾಡಿದೆ. ಮಲ್ಪೆಯ ದಾರಿಗೆ ಜೂನ್, ಜುಲೈಯಲ್ಲಿ ಬೇರೆ ಗುರಿ ಇಡಿ, ಗೋಡೆಯ ಚಿತ್ರ ತೆಗೆಯಿರಿ, ಮೆಚ್ಚುಗೆಯಿದ್ದರೆ ಮುಂಚಿತವಾಗಿ ಸಾರದೆ ಹೇಳಿ ಎಂದೆ. ಗುರಿಯ ಮಾತಿಗೆ ಒಪ್ಪಿದರು. "ಚಿತ್ರ ತೆಗೆದರೆ ಉಳಿದವರು ಬೇಸರಿಸುತ್ತಾರೆ ಮೇಡಂ," ಎಂದರು. ಅದು ಹಾಗೆಯೇ ಉಳಿಯಿತು.

ಇವರಿಗೆ ಎಚ್ಚರಿಕೆ ಪತ್ರ ಸಿಕ್ಕಿತು, ಎರಡು ತಿಂಗಳ ಪ್ರೋತ್ಸಾಹಧನವನ್ನು ಹಿಂದೆ ಕಟ್ಟಿಸಿಕೊಂಡರು. ಸುಳ್ಳು ಜಮೆಗಳನ್ನು ಖಾತೆದಾರರ ಸಹಿ ಪಡೆದು ಸರಿಪಡಿಸುವ ಕೆಲಸ ಆಗಸ್ಟಿಡೀ ನಡೆಯಿತು. ಆ ಹಿರಿಯ ಹೆಂಗಸು ಸಹಿಗೆ ಮೊದಲು ಅವರನ್ನು ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿದರಂತೆ, ಬೇಕೆಂದೇ. ಸಹಿ ಹಾಕಿದ ಮೇಲೆ ಬೋಟುಗಳು ಇಳಿದ ಸುದ್ದಿ ಹೇಳಿ, ಆ ದಿನದ ನೂರು ರೂಪಾಯಿ ಕೊಟ್ಟರು.

ಮೂರನೇ ಭೇಟಿಗೆ ಬಂದಾಗ ನಿದ್ದೆ ಐದು ಗಂಟೆಗೆ ಏರಿತ್ತು. ಸರ ಇನ್ನೂ ಅಡವಿನಲ್ಲೇ ಇದೆ. ಗೋಡೆಯಲ್ಲಿ ಈಗ ಬೇರೊಬ್ಬರ ಚಿತ್ರವಿದೆಯಂತೆ. "ನೋಡದೆ ದಾಟಲು ಇನ್ನೂ ಆಗುವುದಿಲ್ಲ," ಎಂದು ತಾವೇ ಹೇಳಿ, ಮುಂದಿನ ಭೇಟಿಯ ದಿನ ಕೇಳಿದರು.