ಗ್ರಾಂ ಲೆಕ್ಕ ಆಮೇಲೆ, ಮೊದಲು ಸೀಸದ ಲೆಕ್ಕ

ಪ್ರಶ್ನೆ: ಡಲ್ಲಾಸ್ ಹತ್ತಿರ ಇದ್ದೇನೆ, ಗ್ರೀನ್ ಕಾರ್ಡ್ ಇದೆ. .22 ಎಲ್‌ಆರ್ ಎಂಬ ಸಣ್ಣ ಗುಂಡಿನ ರೂಗರ್ 10/22 ರೈಫಲ್‌ಗೆ ಆದಷ್ಟು ಹಗುರವಾದ ಸಪ್ರೆಸರ್ (ಬ್ಯಾರೆಲ್ ತುದಿಗೆ ಸಿಕ್ಕಿಸುವ, ಸದ್ದು ಕುಗ್ಗಿಸುವ ಕೊಳವೆ) ಬೇಕು. ಅಲ್ಯೂಮಿನಿಯಂ, ಟೈಟೇನಿಯಂ, ಸ್ಟೀಲ್, ಯಾವುದು ಒಳ್ಳೆಯದು?

ಉತ್ತರ: ಮೊದಲು ನಿಮ್ಮ ಬ್ಯಾರೆಲ್ ನೋಡಿ. ತೆಳು ಬ್ಯಾರೆಲ್‌ನ ತುದಿಗೆ ನೂರು ಗ್ರಾಂ ಸೇರಿದರೂ ಕೈಗೆ ಗೊತ್ತಾಗುತ್ತದೆ, ಗುಂಡು ಬೀಳುವ ಜಾಗವೂ ತುಸು ಸರಿಯುತ್ತದೆ. ದಪ್ಪ ಬುಲ್ ಬ್ಯಾರೆಲ್ ಆಗಿದ್ದರೆ ಹಗುರಕ್ಕಾಗಿ ಹೆಚ್ಚು ಕೊಟ್ಟದ್ದು ದಂಡ.

ಒಳಗೆ ಸ್ಟೀಲ್ ಇರುವ ಡೆಡ್ ಏರ್ ಮಾಸ್ಕ್, ಸೈಲೆನ್ಸರ್‌ಕೋ ಸ್ಪ್ಯಾರೋ ಎಂಬ ಮಾದರಿಗಳೆರಡೂ ಸುಮಾರು 185 ಗ್ರಾಂ ತೂಗುತ್ತವೆ. ಅಲ್ಯೂಮಿನಿಯಂನವು 100 ಗ್ರಾಂ ಆಸುಪಾಸು. ಆದರೆ .22 ಗುಂಡಿಗೆ ಹೆಚ್ಚಾಗಿ ತಾಮ್ರದ ಗಟ್ಟಿ ಹೊದಿಕೆ ಇರುವುದಿಲ್ಲ. ಮೇಣ ಸವರಿದ ಬರೀ ಸೀಸ ಅದು. ದೋಸೆ ಹಂಚಿಗೆ ಕರಿ ಹಿಡಿದಂತೆ ಸೀಸ, ಮಸಿ ಎರಡೂ ಬ್ಯಾಫಲ್‌ಗಳಿಗೆ, ಅಂದರೆ ಸಪ್ರೆಸರ್ ಒಳಗಿನ ಅಡ್ಡತಟ್ಟೆಗಳಿಗೆ, ಅಂಟುತ್ತವೆ. ಸ್ಟೀಲನ್ನು ಗಟ್ಟಿಯಾಗಿ ಕೆರೆಯಬಹುದು, ಅಲ್ಟ್ರಾಸಾನಿಕ್ ತೊಟ್ಟಿಗೂ ಹಾಕಬಹುದು. ಅಲ್ಯೂಮಿನಿಯಂ ಮೆದು, ಕ್ಷಾರದ ಕ್ಲೀನರ್ ತಾಗಿದರೆ ತಿಂದುಹೋಗುತ್ತದೆ. ಹಾಗಾಗಿ ಟೈಟೇನಿಯಂ ಕೊಳವೆ, ಮೊದಲ ಬ್ಯಾಫಲ್ ಸ್ಟೀಲ್, ಉಳಿದವು ಹಗುರ ಲೋಹ, ಹೀಗಿರುವುದೇ ನಮ್ಮ ಆಯ್ಕೆ. ಬಿಸಿಯ ಪೆಟ್ಟು ಬಹುಪಾಲು ಆ ಮೊದಲನೆಯದಕ್ಕೇ. ಮುಂದೆ .22 ಮ್ಯಾಗ್ನಮ್ ಅಥವಾ .17 ಎಚ್‌ಎಮ್‌ಆರ್‌ನಂಥ ಇನ್ನೂ ಜೋರಾದ ಗುಂಡಿನ ರೈಫಲ್ ಕೊಳ್ಳುವ ಯೋಚನೆ ಇದ್ದರೆ, ತಯಾರಕರ ರೇಟಿಂಗ್‌ನಲ್ಲಿ ಅವುಗಳ ಹೆಸರು ಇದೆಯೇ ಎಂದು ಈಗಲೇ ನೋಡಿ. ಬಿಚ್ಚಲು ಬಾರದ, ಸೀಲ್ ಮಾಡಿದ ಮಾದರಿ ಎಷ್ಟೇ ಹಗುರ ಇರಲಿ, .22ಗೆ ಬೇಡ.

ಬ್ಯಾರೆಲ್ ತುದಿಯಲ್ಲಿ 1/2x28 ಥ್ರೆಡ್ (ಅರ್ಧ ಇಂಚು ದಪ್ಪ, ಇಂಚಿಗೆ 28 ಸುತ್ತಿನ ತಿರುಪು) ಇರಬೇಕು. ಎಲ್ಲ 10/22ಗಳಿಗೂ ಅದು ಇರುವುದಿಲ್ಲ. ಸಪ್ರೆಸರ್ ಬ್ಯಾರೆಲ್‌ನ ಭುಜಕ್ಕೆ ನೇರವಾಗಿ ಕೂರಬೇಕು. ನಡುವೆ ಕ್ರಶ್ ವಾಷರ್ ಹಾಕಬೇಡಿ. ಅದು ಸಮನಾಗಿ ಚಪ್ಪಟೆಯಾಗದೆ ಕೊಳವೆ ವಾಲಿಬಿಟ್ಟರೆ ಗುಂಡು ಬ್ಯಾಫಲ್‌ಗೆ ಬಡಿಯುತ್ತದೆ. ಥ್ರೆಡ್ ಸಡಿಲವಾದರೂ ಅದೇ ಗತಿ. ಪ್ರತಿ ಮ್ಯಾಗಜೀನ್ ಮುಗಿದಾಗ ಗನ್ ಖಾಲಿ ಮಾಡಿ, ಒಮ್ಮೆ ಕೈಯಿಂದ ತಿರುಗಿಸಿ ನೋಡಿ.

ಪ್ರಶ್ನೆ: ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನದ) ಎಂದೇ ಮದ್ದು ಕೊಂಡೆ. ಆದರೂ ಮೊದಲ ಗುಂಡಿನ ಸದ್ದು ಜೋರು. ಚಳಿಗಾಲದಲ್ಲಂತೂ ಆಗಾಗ ‘ಚಟೀರ್’ ಅನ್ನುತ್ತದೆ. ಸಪ್ರೆಸರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಇವು ಎರಡು ಬೇರೆ ಸದ್ದುಗಳು. ಮೊದಲನೆಯದು ಒಳಗಿದ್ದ ಗಾಳಿಯ ಆಮ್ಲಜನಕದಲ್ಲಿ ಮದ್ದಿನ ಅನಿಲ ಉರಿದದ್ದು. ಎರಡನೇ ಗುಂಡಿನ ಹೊತ್ತಿಗೆ ಅಷ್ಟು ಆಮ್ಲಜನಕ ಉಳಿದಿರುವುದಿಲ್ಲ. ‘ಚಟೀರ್’ ಮಾತ್ರ ಗುಂಡು ಶಬ್ದದ ವೇಗ ದಾಟಿದ್ದಕ್ಕೆ. ಅದನ್ನು ಯಾವ ಸಪ್ರೆಸರೂ ತಡೆಯದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,125 ಅಡಿ, ಮೈನಸ್ 10ರಲ್ಲಿ 1,067. ಪೆಟ್ಟಿಗೆಯ ಮೇಲೆ 1,070 ಎಂದಿರುವ 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡು ಬೇಸಿಗೆಯಲ್ಲಿ ಸುಮ್ಮನಿದ್ದು ಚಳಿಯಲ್ಲಿ ಗೆರೆ ದಾಟುವುದು ಹೀಗೆ. ಚಳಿಗಾಲಕ್ಕೆ 1,000ದ ಕೆಳಗಿನದು ಹುಡುಕಿ. ಆದರೆ ತೀರಾ ನಿಧಾನದ ಮದ್ದು ತಾನೇ ಮುಂದಿನ ಗುಂಡು ತುಂಬಿಕೊಳ್ಳುವ, 10/22ನಂಥ ಸೆಮಿ ಆಟೋಮ್ಯಾಟಿಕ್‌ನ ಬೋಲ್ಟನ್ನು ಪೂರ್ತಿ ತಳ್ಳದೆ ಸಿಕ್ಕಿಕೊಳ್ಳಬಹುದು. ಪ್ರತಿ ಸಲ ಕೈಯಿಂದ ಎಳೆಯುವ ಬೋಲ್ಟ್ ಆಕ್ಷನ್‌ನಲ್ಲಿ ಆ ತಾಪತ್ರಯವಿಲ್ಲ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದ ಮೇಲಿದ್ದೇನೆ. ಒಂದು ಕೊಂಡು ಮುಂದೆ ಊರಿಗೂ ತರಬಹುದೇ?

ಉತ್ತರ: ಎರಡೂ ಆಗದು. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ಸಾಮಾನ್ಯ ಜನರು ಸಪ್ರೆಸರ್ ಇಟ್ಟುಕೊಳ್ಳುವಂತಿಲ್ಲ. ಅಲ್ಲದೆ ಅಮೆರಿಕದ ಕಾನೂನಿನ ಕಣ್ಣಿಗೆ ಸಪ್ರೆಸರೂ ಬಂದೂಕೇ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರಿಗೆ ಬಂದೂಕು ನಿಷಿದ್ಧ. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ಅವನ್ನು ವಕೀಲರನ್ನು ಕೇಳದೆ ನಂಬಬೇಡಿ. ಸಪ್ರೆಸರ್ ಮೇಲೆ 1934ರ ಬಂದೂಕು ಕಾಯ್ದೆ ಹಾಕಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ ನಿಜ. ಆದರೆ ಫಾರ್ಮ್ 4 ಎಂಬ ಅರ್ಜಿ, ಬೆರಳಚ್ಚು, ಫೋಟೊ, ಅನುಮತಿ ಬರುವವರೆಗಿನ ಕಾಯುವಿಕೆ ಎಲ್ಲ ಹಾಗೇ ಇವೆ. ಭಾರತಕ್ಕೆ ಸೂಟ್‌ಕೇಸಿನಲ್ಲಿ ತರುವ ಮಾತನ್ನಂತೂ ಬಿಟ್ಟುಬಿಡಿ.

ಪ್ರಶ್ನೆ: ಸಾವಿರ ಗುಂಡಿನ ಮೇಲೆ ಬಿಚ್ಚಲು ಹೋದರೆ ಬ್ಯಾಫಲ್‌ಗಳು ಜಪ್ಪಯ್ಯ ಅಂದರೂ ಬರುತ್ತಿಲ್ಲ. ವಿನೆಗರ್, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ನೆನೆಸು ಎನ್ನುತ್ತಾರೆ.

ಉತ್ತರ: ಖಂಡಿತ ಬೇಡ. ಸೀಸ ಕರಗುವುದೇನೋ ಹೌದು, ಆದರೆ ಉಳಿಯುವ ದ್ರವ ಲೆಡ್ ಅಸಿಟೇಟ್. ಅದು ವಿಷ, ಚರಂಡಿಗೆ ಸುರಿಯುವ ಹಾಗೂ ಇಲ್ಲ. ಅಲ್ಯೂಮಿನಿಯಂ ಭಾಗಗಳೂ ಹಾಳಾಗುತ್ತವೆ. ಸಂದಿಗಿಳಿದು ಸಡಿಲಿಸುವ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ. ಆಮೇಲೆ ಕಂಪನಿ ಕೊಟ್ಟ ಉಪಕರಣದಿಂದಲೇ ತಳ್ಳಿ. ಅದಕ್ಕೂ ಜಗ್ಗದಿದ್ದರೆ ತಯಾರಕರಿಗೆ ಕಳಿಸಿ. ಬ್ಯಾಫಲ್ ಹಾಳಾಗಿದ್ದರೂ ಅಷ್ಟೇ: ಬಿಡಿ ಬ್ಯಾಫಲ್ ತರಿಸಿ ಮನೆಯಲ್ಲಿಟ್ಟರೆ ಅಮೆರಿಕದಲ್ಲಿ ಅದೇ ಒಂದು ಅಪರಾಧ.

ಇನ್ನು ಮುಂದೆ 300ರಿಂದ 500 ಗುಂಡಿಗೊಮ್ಮೆ ಬಿಚ್ಚಿ. ಜೋಡಿಸುವಾಗ ಬ್ಯಾಫಲ್‌ಗಳ ಹೊರಮೈಗೆ ತೆಳುವಾಗಿ ಸಿಲಿಕೋನ್ ಎಣ್ಣೆ ಸವರಿದರೆ ಮುಂದಿನ ಸಲ ಸುಲಭವಾಗಿ ಜಾರಿ ಬರುತ್ತವೆ. ಒಣಗಿದ್ದಾಗ ಕೆರೆಯಬೇಡಿ, ಸೀಸದ ಪುಡಿ ಮೂಗಿಗೆ ಹೋಗುತ್ತದೆ. ಕೈಗವಸು ಹಾಕಿ, ಒದ್ದೆ ಮಾಡಿ ಉಜ್ಜಿ. ಆ ಬ್ರಷ್ಷು, ಬಟ್ಟೆ ಅಡುಗೆಮನೆಯ ಸಿಂಕಿನ ಹತ್ತಿರವೂ ಸುಳಿಯಬಾರದು.