ಬಿಲ್ಡ್ ಆದ ಮೇಲೆ ಬದಲಾಗದ ಎಪಿಐ ವಿಳಾಸ

ಪ್ರಶ್ನೆ: ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟಾದ ನಕ್ಸ್ಟ್ 3ರಲ್ಲಿ ಬರೆದ ಅಪ್ಲಿಕೇಶನ್ನನ್ನು ಒಮ್ಮೆ ಬಿಲ್ಡ್ ಮಾಡಿ (ಓಡಿಸಬಲ್ಲ ರೂಪಕ್ಕೆ ತಂದು), ಅದೇ ಡಾಕರ್ ಇಮೇಜನ್ನು (ಅಪ್ಲಿಕೇಶನ್ನಿನ ಸಿದ್ಧ ಪೊಟ್ಟಣವನ್ನು) ಪರೀಕ್ಷಾ ಸರ್ವರ್‌ನಲ್ಲೂ ಪ್ರೊಡಕ್ಷನ್‌ನಲ್ಲೂ (ಬಳಕೆದಾರರು ನಿಜವಾಗಿ ಬಳಸುವ ಸರ್ವರ್‌ನಲ್ಲೂ) ಓಡಿಸುತ್ತೇವೆ. ಎಪಿಐ ವಿಳಾಸವನ್ನು (ಅಪ್ಲಿಕೇಶನ್ ಮಾಹಿತಿಗಾಗಿ ಕರೆ ಮಾಡುವ ಸೇವೆಯ ವಿಳಾಸವನ್ನು) ಕಾನ್ಫಿಗ್ ಕಡತದಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದಲೇ (ಕೋಡ್‌ನ ಹೊರಗಿನಿಂದ ಕೊಡುವ ಮೌಲ್ಯದಿಂದಲೇ) ಓದುತ್ತಿದ್ದೇವೆ. ಆದರೂ ಪ್ರೊಡಕ್ಷನ್‌ನಲ್ಲಿ ಆ ವೇರಿಯಬಲ್ ಬದಲಿಸಿದರೆ ಕರೆಗಳು ಹಳೆಯ ವಿಳಾಸಕ್ಕೇ ಹೋಗುತ್ತಿವೆ. ಏಕೆ?

ಉತ್ತರ: ನಿಮ್ಮ ಕಾನ್ಫಿಗ್ ಕಡತವನ್ನು ನಕ್ಸ್ಟ್ ಓದುವುದು ಬಿಲ್ಡ್ ನಡೆಯುವಾಗ. ಆ ಗಳಿಗೆಯಲ್ಲಿ ಬಿಲ್ಡ್ ಯಂತ್ರದಲ್ಲಿದ್ದ ಮೌಲ್ಯವೇ ಸರ್ವರ್ ಬಂಡಲ್‌ನಲ್ಲಿ (ಬಿಲ್ಡ್‌ನಿಂದ ಹೊರಬರುವ ಸರ್ವರ್ ಕೋಡ್‌ನಲ್ಲಿ) ಅಚ್ಚಾಗಿ ಉಳಿಯುತ್ತದೆ. ಕಂಟೇನರ್, ಅಂದರೆ ಆ ಇಮೇಜಿನ ಓಡುವ ಪ್ರತಿ, ಶುರುವಾಗುವಾಗ ಆ ಕಡತವನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಓಡುವಾಗ ಈ ಕಾನ್ಫಿಗ್ ಮೌಲ್ಯಗಳನ್ನು ಬದಲಿಸಲು ಸರ್ವರ್ ಗಮನಿಸುವುದು ‘ನಕ್ಸ್ಟ್_’ ಎಂದು ಆರಂಭವಾಗುವ ವೇರಿಯಬಲ್‌ಗಳನ್ನು, ಅವುಗಳಲ್ಲೂ ಕಾನ್ಫಿಗ್ ಕಡತದ ‘ರನ್‌ಟೈಮ್‌ಕಾನ್ಫಿಗ್’ ವಿಭಾಗದಲ್ಲಿ ಮೊದಲೇ ಘೋಷಿಸಿದ ಕೀಗಳಿಗೆ ಹೊಂದುವಂಥವನ್ನು ಮಾತ್ರ.

ಆದ್ದರಿಂದ ಆ ವಿಭಾಗದೊಳಗಿನ ‘ಪಬ್ಲಿಕ್’ ಭಾಗದಲ್ಲಿ ‘ಎಪಿಐಬೇಸ್’ (apiBase) ಎಂಬ ಕೀಗೆ ಖಾಲಿ ಸ್ಟ್ರಿಂಗ್ ಕೊಟ್ಟು, ಕಂಟೇನರ್‌ಗೆ ‘ನಕ್ಸ್ಟ್_ಪಬ್ಲಿಕ್_ಎಪಿಐ_ಬೇಸ್’ (NUXT_PUBLIC_API_BASE) ಎಂಬ ವೇರಿಯಬಲ್ ಕೊಡಿ. ಹೆಸರು ಪೂರ್ತಿ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿರಬೇಕು, ಕೀಯೊಳಗೆ ದೊಡ್ಡಕ್ಷರದಿಂದ ಹೊಸ ಪದ ಶುರುವಾಗುವಲ್ಲಿ ಅಂಡರ್‌ಸ್ಕೋರ್ ಬರಬೇಕು. ಹೆಚ್ಚಿನವರು ಎಡವುವುದು ಈ ಅಂಡರ್‌ಸ್ಕೋರ್‌ನಲ್ಲೇ, ಏಕೆಂದರೆ ಹೆಸರು ಹೊಂದದಿದ್ದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಕೋಡ್‌ನಲ್ಲಿ ಮೌಲ್ಯವನ್ನು ‘ಯೂಸ್‌ರನ್‌ಟೈಮ್‌ಕಾನ್ಫಿಗ್’ ಎಂಬ ನಕ್ಸ್ಟ್ ಫಂಕ್ಷನ್ ಮೂಲಕವೇ ಪಡೆಯಿರಿ. ವೇರಿಯಬಲ್‌ಗಳನ್ನು ಬರೆದಿಡುವ ‘ಡಾಟ್ ಎನ್ವ್’ (.env) ಕಡತವನ್ನು ಇಮೇಜಿನೊಳಗೆ ಇಟ್ಟರೂ ಉಪಯೋಗವಿಲ್ಲ. ಬಿಲ್ಡ್ ಆದ ಸರ್ವರ್ ತಾನಾಗಿ ಅದನ್ನು ಓದುವುದಿಲ್ಲ. ಮುಂದೆಂದಾದರೂ ‘ಜನರೇಟ್’ ಆದೇಶದಿಂದ ಸ್ಥಿರ ಪುಟಗಳನ್ನು ತಯಾರಿಸುವುದಾದರೆ ಓಡುವ ಸರ್ವರೇ ಇರುವುದಿಲ್ಲವಾದ್ದರಿಂದ, ವಿಳಾಸ ಬದಲಾದಾಗಲೆಲ್ಲ ಪುಟಗಳನ್ನು ಮತ್ತೆ ತಯಾರಿಸಬೇಕಾಗುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಲೇಬೇಕು, ನನ್ನ ದೃಷ್ಟಿಯಲ್ಲಿ ಅದು ವಿಳಾಸದ ತೊಂದರೆಗಿಂತ ಗಂಭೀರವಾದುದು. ‘ಪಬ್ಲಿಕ್’ ಭಾಗದಲ್ಲಿರುವುದೆಲ್ಲವೂ ಬ್ರೌಸರ್‌ಗೆ ತಲುಪುತ್ತದೆ. ಪುಟದ ಮೂಲ ಕೋಡ್ ತೆರೆದವರಿಗೆ ಅದು ಕಾಣುತ್ತದೆ. ಡೇಟಾಬೇಸ್ ಪಾಸ್‌ವರ್ಡ್, ಪಾವತಿ ಸೇವೆಯ ರಹಸ್ಯ ಕೀ ಮುಂತಾದವು ಅದರ ಹೊರಗೆ, ಸರ್ವರ್‌ಗೆ ಮಾತ್ರ ಸಿಗುವ ಮೇಲ್ಮಟ್ಟದ ಕೀಗಳಾಗಿರಲಿ. ಆದರೆ ಅಲ್ಲಿಯೂ ನೀವು ವಿಳಾಸಕ್ಕೆ ಮಾಡಿದಂತೆ ಬಿಲ್ಡ್ ವೇಳೆಯಲ್ಲೇ ವೇರಿಯಬಲ್‌ನಿಂದ ಓದಿಸಿದ್ದರೆ ಆ ರಹಸ್ಯ ಇಮೇಜಿನೊಳಗೆ ಸೇರಿಹೋಗಿರುತ್ತದೆ, ಇಮೇಜ್ ಕೈಗೆ ಸಿಕ್ಕವರೆಲ್ಲರೂ ಅದನ್ನು ಹೊರತೆಗೆಯಬಲ್ಲರು. ಹಾಗಾಗಿದ್ದರೆ ಕಾನ್ಫಿಗ್ ತಿದ್ದಿದರಷ್ಟೇ ಸಾಲದು. ಹಳೆಯ ಕೀಗಳನ್ನು ರದ್ದುಪಡಿಸಿ, ಹೊಸವನ್ನು ಪಡೆದು, ಕಂಟೇನರ್ ಆರಂಭಿಸುವಾಗ ಮಾತ್ರ ಒದಗಿಸಿ.